ಆರ್ಡರ್ ಒತ್ತುವ ಮೊದಲು: ಕಾಸರಗೋಡಿನ ಮನೆಗಳಿಗೊಂದು ಆನ್‌ಲೈನ್ ಖರೀದಿ ಮಾರ್ಗದರ್ಶಿ

ಪೆರ್ಲ, ಮುಳ್ಳೇರಿಯ, ಪೈವಳಿಕೆ, ಎಣ್ಮಕಜೆ, ಎಲ್ಲಿಗೆ ಬೇಕಾದರೂ ಈಗ ಪಾರ್ಸೆಲ್ ಬರುತ್ತದೆ. ಮಿಕ್ಸಿಯ ಒಂದು ಜಾರ್ ಹುಡುಕಿಕೊಂಡು ಮಂಗಳೂರಿಗೆ ಬಸ್ಸು ಹತ್ತುವ ಕಾಲ ಹೋಯಿತು. ಇದು ಸಣ್ಣ ಅನುಕೂಲ ಅಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ತಾಯಂದಿರಿದ್ದಾರೆ. ಅವರಿಗೆ ಡಯಾಪರ್ ಕಟ್ಟು ಮನೆ ಬಾಗಿಲಿಗೇ ಬಂದರೆ ಒಂದು ದಿನದ ಅಲೆದಾಟ ತಪ್ಪುತ್ತದೆ. ಅಂಥವರಿಗೆ ‘ಆನ್‌ಲೈನ್‌ನಲ್ಲಿ ತರಿಸಬೇಡಿ’ ಎಂದು ಉಪದೇಶ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಅಗ್ಗ ಅನ್ನುವುದು ಸುಮ್ನೆ ಬರುವುದಿಲ್ಲ. ನಮಗೆ ಇನ್ನೂರು ರೂಪಾಯಿ ಉಳಿಯಿತು ಅಂದರೆ ಆ ಇನ್ನೂರನ್ನು ಯಾರೋ ಬಿಟ್ಟುಕೊಟ್ಟಿದ್ದಾರೆ. ಕಮಿಷನ್ ಕಟ್ಟಿ ಸೋತ ಸಣ್ಣ ಮಾರಾಟಗಾರ ಇರಬಹುದು. ಗೋದಾಮಿನಲ್ಲಿ ಇಡೀ ದಿನ ನಿಂತು ಪ್ಯಾಕ್ ಮಾಡುವ ಹೆಂಗಸು ಇರಬಹುದು. ಪಾರ್ಸೆಲ್ ಲೆಕ್ಕದಲ್ಲಿ ದುಡಿಯುವ ಹುಡುಗ ಇರಬಹುದು, ನಮ್ಮ ಪೇಟೆಯ ಅಂಗಡಿಯವರೂ ಇರಬಹುದು. ಫೋನಿನ ಪರದೆಯಲ್ಲಿ ಇವರು ಯಾರೂ ಕಾಣಿಸುವುದಿಲ್ಲ. ಬೆಲೆ ಮತ್ತು ಚಿತ್ರ ಮಾತ್ರ ಕಾಣುತ್ತದೆ. ಹಾಗಾಗಿ ಖರೀದಿಯ ಒಂದೊಂದು ಹಂತದಲ್ಲೂ ಇವರಲ್ಲಿ ಒಬ್ಬರನ್ನಾದರೂ ನೆನಪಿಸಿಕೊಂಡು ಏನು ಮಾಡಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಚೀಟಿ ಬರೆದು ವಿಂಗಡಿಸಿ

ಬೇಕೆನಿಸಿದ ತಕ್ಷಣ ಆ್ಯಪ್ ತೆರೆಯುವ ಅಭ್ಯಾಸವನ್ನು ಮೊದಲು ಬಿಡಬೇಕು. ಬೇಕಾದ ಸಾಮಾನನ್ನು ಒಂದು ಚೀಟಿಯಲ್ಲಿ ಬರೆಯಿರಿ. ಒಂದು ರಾತ್ರಿ ಕಳೆಯಲಿ. ಬೆಳಿಗ್ಗೆ ನೋಡಿದರೆ ಅದರಲ್ಲಿ ಕೆಲವು ಬೇಡವೇ ಬೇಡ ಅನಿಸುತ್ತವೆ. ಉಳಿದದ್ದನ್ನು ಮೂರು ಭಾಗ ಮಾಡಿ. ನಮ್ಮ ಪೇಟೆಯಲ್ಲೇ ಸಿಗುವುದು ಒಂದು. ತಯಾರಿಸುವವರ ಹತ್ತಿರ ನೇರವಾಗಿ ಸಿಗುವುದು ಇನ್ನೊಂದು. ಎರಡೂ ಕಡೆ ಸಿಗದ್ದು ಮೂರನೆಯದು. ದೊಡ್ಡ ಕಂಪನಿಯ ಆ್ಯಪ್‌ಗೆ ಹೋಗಬೇಕಾದ್ದು ಈ ಮೂರನೆಯ ಭಾಗ ಮಾತ್ರ.

ಅಕ್ಕಿ, ಬೇಳೆ, ಸಾಬೂನು, ಬಲ್ಬು, ಪೈಪು, ನೋಟ್‌ಬುಕ್ಕು, ಚಪ್ಪಲಿ ಇವೆಲ್ಲ ಬದಿಯಡ್ಕ, ಕುಂಬಳೆ, ಉಪ್ಪಳದಂಥ ಪೇಟೆಗಳಲ್ಲಿ ಧಾರಾಳ ಸಿಗುತ್ತವೆ. ಕೇರಳ ಸರಕಾರದ ಸಪ್ಲೈಕೋ ನಡೆಸುವ ಮಾವೇಲಿ ಸ್ಟೋರ್ ಇದೆ, ಸಹಕಾರಿ ನೀತಿ ಸ್ಟೋರ್‌ಗಳಿವೆ. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ಬೇಕಾದರೆ ಕುಟುಂಬಶ್ರೀ ಸ್ವಸಹಾಯ ಘಟಕಗಳ ಹೆಂಗಸರೇ ಮಾಡಿ ಮಾರುತ್ತಾರೆ. ಚಾಕಲೇಟ್ ಬೇಕಾ? ನಮ್ಮ ಕೊಕ್ಕೋವನ್ನೇ ಕೊಂಡು ಪುತ್ತೂರಿನ ಕಾರ್ಖಾನೆಯಲ್ಲಿ ಚಾಕಲೇಟ್ ಮಾಡುವ ಕ್ಯಾಂಪ್ಕೊ ಇದೆ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ಕರ್ನಾಟಕದವರೂ ಕೇರಳದವರೂ ಸದಸ್ಯರು. ಇಲ್ಲಿ ಕೊಟ್ಟ ದುಡ್ಡಿನ ಒಂದು ಪಾಲು ಸುತ್ತಿ ಬಳಸಿ ನಮ್ಮ ತೋಟಕ್ಕೇ ವಾಪಸ್ ಬರುತ್ತದೆ.

ಅಂಗಡಿಯಲ್ಲಿ ಬೇಕಾದ ಮಾಡೆಲ್ ಇಲ್ಲದಿದ್ದರೆ ಕೇಳಿ ನೋಡಿ. ಫೋಟೋ ವಾಟ್ಸ್‌ಆ್ಯಪ್ ಮಾಡಿ, ‘ಇದನ್ನು ತರಿಸಿ ಕೊಡ್ತೀರಾ? ಎಷ್ಟು ದಿನ, ಎಷ್ಟು ರೂಪಾಯಿ?’ ಎಂದು ಕೇಳಿ. ಎರಡು ಮೂರು ದಿನದಲ್ಲಿ ತರಿಸಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾವು ಕೇಳುವುದನ್ನೇ ಬಿಟ್ಟಿದ್ದೇವೆ, ಅಷ್ಟೇ.

ಬೆಲೆ ಸ್ವಲ್ಪ ಜಾಸ್ತಿ ಇರಬಹುದು. ಎಷ್ಟು ಜಾಸ್ತಿಯಾದರೆ ಪರವಾಗಿಲ್ಲ ಅನ್ನುವುದನ್ನು ಮನೆಯಲ್ಲಿ ಮೊದಲೇ ತೀರ್ಮಾನಿಸಿಬಿಡಿ. ನೂರಕ್ಕೆ ಹತ್ತು ರೂಪಾಯಿ ತನಕ ಹೆಚ್ಚಾದರೂ ಪೇಟೆಯಲ್ಲೇ ತೆಗೆದುಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಲೆಕ್ಕ. ಕೈ ಬಿಗಿ ಇರುವ ಮನೆಯವರು ಇದಕ್ಕಾಗಿ ಮನಸ್ಸು ಕೆಡಿಸಿಕೊಳ್ಳಬೇಕಾಗಿಲ್ಲ. ಹಾಗೆಯೇ, ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಳ್ಳುವ, ಬಿಲ್ಲು ಕೊಡದ, ದಿನಾಂಕ ಮೀರಿದ್ದನ್ನು ದಾಟಿಸುವ ಅಂಗಡಿಯವರಿಗೆ ‘ನಮ್ಮೂರಿನವರು’ ಅನ್ನುವ ಒಂದೇ ಕಾರಣಕ್ಕೆ ನಿಷ್ಠೆ ತೋರಿಸುವುದೂ ಬೇಡ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಅಂಗಡಿಗೆ ಹೋಗಿ, ನಾಲ್ಕು ಸೀರೆ ಬಿಡಿಸಿ ತೋರಿಸಲು ಹೇಳಿ, ಅಥವಾ ಫ್ಯಾನು, ಗ್ರೈಂಡರ್‌ಗಳ ಬಗ್ಗೆ ಅರ್ಧ ಗಂಟೆ ಮಾಹಿತಿ ಕೇಳಿ, ಹೊರಗೆ ಬಂದು ಅದೇ ಮಾಡೆಲನ್ನು ಫೋನಿನಲ್ಲಿ ಆರ್ಡರ್ ಮಾಡುವುದು. ಅಂಗಡಿಯವರ ಬಾಡಿಗೆ, ಕರೆಂಟು, ಕೆಲಸದವರ ಸಂಬಳ ಎಲ್ಲವನ್ನೂ ನಾವು ಬಳಸಿಕೊಂಡಂತಾಯಿತು, ದುಡ್ಡು ಮಾತ್ರ ಬೇರೆಯವರಿಗೆ. ಆನ್‌ಲೈನ್ ಬೆಲೆ ತೀರಾ ಕಡಿಮೆ ಇದ್ದರೆ ಫೋನು ತೋರಿಸಿ ನೇರವಾಗಿ ಕೇಳಿ. ಎಷ್ಟು ಇಳಿಸಲು ಸಾಧ್ಯ, ಯಾಕೆ ಸಾಧ್ಯವಿಲ್ಲ ಎಂದು ಅವರೇ ಹೇಳುತ್ತಾರೆ. ಆ ಉತ್ತರ ಕೇಳಿದ ಮೇಲೆ ತೀರ್ಮಾನ ಮಾಡುವುದು ನ್ಯಾಯ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕಡೆ ಹಳ್ಳಿ ಅಂಗಡಿಯ ಪಟ್ಟಿ ಪುಸ್ತಕ ನೋಡಿದವರಿಗೆ ಗೊತ್ತು. ಮನೆ ಹೆಸರಿನಲ್ಲಿ ಒಂದು ಪುಟ, ಅದರಲ್ಲಿ ದಿನಾಂಕ ಹಾಕಿ ಸಕ್ಕರೆ, ಚಹಾಪುಡಿ, ಬೆಲ್ಲ. ಅಡಿಕೆ ಕೊಟ್ಟ ಮೇಲೆ ಒಂದೇ ಸಲ ಲೆಕ್ಕ ಚುಕ್ತಾ. ಅದಕ್ಕೆ ಬಡ್ಡಿ ಇಲ್ಲ, ಸಹಿ ಇಲ್ಲ. ಆ್ಯಪ್‌ಗಳೂ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಅನ್ನುತ್ತವೆ. ಅಲ್ಲಿ ದಿನ ತಪ್ಪಿದರೆ ದಂಡ ಬೀಳುತ್ತದೆ, ಬ್ಯಾಂಕ್ ಸಾಲದ ಅರ್ಹತೆಗೂ ಪೆಟ್ಟು ಬೀಳುತ್ತದೆ. 2020ರ ಮಾರ್ಚ್ ಯಾರಿಗೆ ಮರೆತೀತು? ದೇಶವೇ ಲಾಕ್‌ಡೌನ್, ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮಂಗಳೂರಿನ ದಾರಿ ಬಂದ್. ದೊಡ್ಡ ಕಂಪನಿಗಳ ಡೆಲಿವರಿ ನಿಂತಿತ್ತು, ಇಲ್ಲವೇ ಅಗತ್ಯ ಸಾಮಾನಿಗೆ ಸೀಮಿತವಾಗಿತ್ತು. ಆಗ ಅಕ್ಕಿ, ಎಣ್ಣೆ ಕೊಟ್ಟದ್ದು ನಡೆದು ಹೋಗುವಷ್ಟು ಹತ್ತಿರ ಇದ್ದ ಅಂಗಡಿಗಳು. ವರ್ಷವಿಡೀ ವ್ಯಾಪಾರ ಬೇರೆ ಕಡೆ ಮಾಡಿ, ಕಷ್ಟ ಬಂದಾಗ ಮಾತ್ರ ಅಂಗಡಿ ತೆರೆದಿರಲಿ ಅಂದರೆ ಆಗುತ್ತದಾ?

ಇಲ್ಲಿ ತೆರಿಗೆಯ ಬಗ್ಗೆ ಒಂದು ಮಾತು. ‘ಆನ್‌ಲೈನ್‌ನಲ್ಲಿ ಕೊಂಡರೆ ನಮ್ಮ ರಾಜ್ಯಕ್ಕೆ ತೆರಿಗೆ ಸಿಗುವುದಿಲ್ಲ’ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ. ಜಿಎಸ್‌ಟಿಯಲ್ಲಿ ಸಾಮಾನು ಎಲ್ಲಿಗೆ ತಲುಪುತ್ತದೋ ಆ ರಾಜ್ಯಕ್ಕೆ ರಾಜ್ಯದ ಪಾಲು. ಬೆಂಗಳೂರಿನಿಂದ ಮಂಜೇಶ್ವರದ ಮನೆಗೆ ಪಾರ್ಸೆಲ್ ಬಂದರೆ ಆ ಪಾಲು ಕೇರಳಕ್ಕೆ. ನಾವೇ ಮಂಗಳೂರಿನ ಮಾಲ್‌ಗೆ ಹೋಗಿ, ಬಿಲ್ಲಿನಲ್ಲಿ ವಿಳಾಸ ಬರೆಸದೆ ಕೈಯಲ್ಲಿ ಹಿಡಿದುಕೊಂಡು ಬಂದರೆ ಅದು ಕರ್ನಾಟಕಕ್ಕೆ. ಊರ ಅಂಗಡಿಯ ಪರ ಮಾತಾಡಲು ಬೇರೆ ಒಳ್ಳೆಯ ಕಾರಣಗಳಿವೆ, ತಪ್ಪು ಕಾರಣ ಬೇಡ.

ಎರಡನೆಯದು: ತಯಾರಿಸುವವರನ್ನೇ ಹುಡುಕಿ

ಕಾಸರಗೋಡು ಸೀರೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಪಡೆದ ಕೈಮಗ್ಗದ ಸೀರೆ ಇದು. ಆ್ಯಪ್‌ನಲ್ಲಿ ಈ ಹೆಸರು ಹಾಕಿ ಹುಡುಕಿದರೆ ‘ಕೇರಳ ಕಾಟನ್’, ‘ಕಾಸರಗೋಡು ಸ್ಟೈಲ್’ ಎಂದೆಲ್ಲ ಬರೆದ ಸೀರೆಗಳ ಸಾಲು ಬರಬಹುದು. ಅದರಲ್ಲಿ ಯಾವುದು ಕೈಮಗ್ಗ, ಯಾವುದು ಪವರ್‌ಲೂಮ್ ಎಂದು ಚಿತ್ರ ನೋಡಿ ಹೇಳಲು ಆಗುವುದಿಲ್ಲ. ನಿಜವಾದ ಸೀರೆ ನೇಯುವ ನೇಕಾರರ ಸಹಕಾರಿ ಸಂಘ ವಿದ್ಯಾನಗರದ ಹತ್ತಿರ ಉದಯಗಿರಿಯಲ್ಲೇ ಇದೆ. ನಮ್ಮಲ್ಲಿ ಎಷ್ಟೋ ಜನ ಅದರ ಮುಂದೆಯೇ ಬಸ್ಸಿನಲ್ಲಿ ಹೋಗಿ ಕಲೆಕ್ಟರೇಟ್ ಕೆಲಸ ಮುಗಿಸಿ ಬರುತ್ತೇವೆ. ಮದುವೆಗೆ, ಮನೆ ಒಕ್ಕಲಿಗೆ ಸೀರೆ ಬೇಕಾದಾಗ ಅಲ್ಲಿಗೆ ಒಮ್ಮೆ ಇಳಿದು ಹೋಗಿ. ದೂರದಲ್ಲಿರುವವರು ಫೋನು ಮಾಡಿ ಕೇಳಬಹುದು.

ಅಡಿಕೆ ಹಾಳೆ ತಟ್ಟೆಯ ಕಥೆ ಇನ್ನೂ ಸ್ಪಷ್ಟ. ನಮ್ಮ ತೋಟದಲ್ಲಿ ಬಿದ್ದ ಹಾಳೆಯನ್ನು ತೊಳೆದು, ಯಂತ್ರದಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳು ಗಡಿಯ ಎರಡೂ ಕಡೆ ಇವೆ. ಅವರು ದೊಡ್ಡ ಆ್ಯಪ್‌ನಲ್ಲಿ ಮಾರಿದರೆ ಕೈಗೆ ಬರುವ ದುಡ್ಡಿನಿಂದ ಕಮಿಷನ್ ಕಳೆಯಬೇಕು. ಸಾಗಾಟದ ಶುಲ್ಕ ಕಳೆಯಬೇಕು. ಹುಡುಕಿದಾಗ ಮೇಲೆ ಕಾಣಿಸಬೇಕಾದರೆ ಜಾಹೀರಾತಿಗೆ ಕೊಡಬೇಕು. ಗಿರಾಕಿ ವಾಪಸ್ ಕಳಿಸಿದರೆ ಆ ಹೊರೆಯೂ ಅವರ ತಲೆ ಮೇಲೆಯೇ ಬರುವುದು ಹೆಚ್ಚು. ಉಪನಯನಕ್ಕೋ ಪೂಜೆಗೋ ಐನೂರು ತಟ್ಟೆ ಬೇಕಾದವರು ಘಟಕಕ್ಕೇ ಫೋನು ಮಾಡಿದರೆ ನಮಗೂ ಅಗ್ಗ, ಅವರಿಗೂ ಜಾಸ್ತಿ ಉಳಿಯುತ್ತದೆ. ಆದರೆ ಅವರ ಹತ್ತಿರ ಆ್ಯಪ್‌ನ ಆಫರ್ ಬೆಲೆ ಹೇಳಿ ಚೌಕಾಸಿ ಮಾಡಬೇಡಿ. ದುಡ್ಡು ಮೊದಲೇ ಕಳಿಸಿ, ಪ್ಯಾಕಿಂಗ್ ಖರ್ಚು ಕೊಡಿ.

ಯಾರು ತಯಾರಿಸಿದ್ದು ಎಂದು ತಿಳಿಯುವುದು ಕಷ್ಟದ ಕೆಲಸ ಅಲ್ಲ. ಪ್ಯಾಕ್ ಮಾಡಿದ ಯಾವುದೇ ಸಾಮಾನಿನ ಮೇಲೆ ತಯಾರಕರ ಹೆಸರು, ವಿಳಾಸ, ದೂರು ಹೇಳುವ ನಂಬರ್ ಇರಲೇಬೇಕು ಎಂದು ಕಾನೂನು ಹೇಳುತ್ತದೆ. ಒಮ್ಮೆ ಆ್ಯಪ್‌ನಲ್ಲಿ ತರಿಸಿದ ಜೇನು, ಎಣ್ಣೆ ಇಷ್ಟವಾಯಿತಾ? ಮುಂದಿನ ಸಲ ಲೇಬಲ್‌ನಲ್ಲಿರುವ ನಂಬರಿಗೆ ಫೋನು ಮಾಡಿ ನೇರ ಕಳಿಸುತ್ತಾರಾ ಕೇಳಿ.

ತೆಂಗು, ಅಡಿಕೆ, ಕೊಕ್ಕೋ ಸಸಿಗಳನ್ನು ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸುವವರನ್ನು ಕಂಡರೆ ನನಗೆ ನಿಜವಾಗಿ ಬೇಸರವಾಗುತ್ತದೆ. ಕೂಡ್ಲಿನಲ್ಲಿ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಸಸಿಗೆ ಮೊದಲು ಅಲ್ಲಿ ವಿಚಾರಿಸಿ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಸಸಿ ಫಲ ಕೊಡಲು ವರ್ಷಗಳು ಬೇಕು. ಮೋಸ ಆಗಿದೆ ಎಂದು ಗೊತ್ತಾಗುವ ಹೊತ್ತಿಗೆ ಮಾರಿದವರು ಆ್ಯಪ್‌ನಲ್ಲಿ ಇರುವುದೇ ಇಲ್ಲ.

ಕನ್ನಡ ಪುಸ್ತಕಗಳದ್ದೂ ಹೀಗೆಯೇ. ಇಲ್ಲಿ ಕನ್ನಡ ಪುಸ್ತಕದಂಗಡಿ ಅಪರೂಪ, ಹಾಗಾಗಿ ತರಿಸಲೇಬೇಕು ನಿಜ. ಆದರೆ ಪ್ರಕಾಶಕರು ಹೆಚ್ಚಿನವರು ತಮ್ಮದೇ ವೆಬ್‌ಸೈಟ್ ಅಥವಾ ವಾಟ್ಸ್‌ಆ್ಯಪ್ ಮೂಲಕ ಅಂಚೆಯಲ್ಲಿ ಕಳಿಸುತ್ತಾರೆ. ಮುಖಬೆಲೆಯ ಅರ್ಧಕ್ಕಿಂತ ಕಡಿಮೆಗೆ ಹೊಸ ಪುಸ್ತಕ ಕಂಡರೆ, ಮುಖಪುಟ ಮಸುಕಾಗಿದ್ದರೆ, ಅದು ಕದ್ದು ಮುದ್ರಿಸಿದ್ದಿರಬಹುದು. ಅದರಲ್ಲಿ ಬರೆದವರಿಗೆ ಒಂದು ಪೈಸೆಯೂ ಹೋಗುವುದಿಲ್ಲ.

ಮೂರನೆಯದು: ಆ್ಯಪ್‌ನಲ್ಲಿ ಕೊಳ್ಳಲೇಬೇಕಾದರೆ ಪುಟವನ್ನು ಪೂರ್ತಿ ಓದಿ

ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಿಂದ ಕನ್ನಡದಲ್ಲೂ ಸಿಗುತ್ತವೆ. ಮನೆಯ ಹಿರಿಯರಿಗೆ ಭಾಷೆ ಬದಲಿಸಿ ಕೊಡಿ, ಅವರೇ ಓದಿ ನೋಡಲಿ.

ಮೊದಲು ನೋಡಬೇಕಾದ್ದು ‘ಮಾರುವವರು ಯಾರು’ ಅನ್ನುವ ಸಾಲು. ನಾವು ‘ಅಮೆಜಾನ್‌ನಿಂದ ತಂದೆ’ ಅನ್ನುತ್ತೇವೆ. ನಿಜವಾಗಿ ಅದು ಸಂತೆ ನಡೆಸುವ ಜಾಗ, ಅಂಗಡಿ ಹಾಕಿದವರು ಬೇರೆ. ವಿದೇಶಿ ಬಂಡವಾಳ ಇರುವ ಇಂಥ ಕಂಪನಿಗಳು ಭಾರತದಲ್ಲಿ ತಾವೇ ದಾಸ್ತಾನು ಇಟ್ಟು ಗಿರಾಕಿಗೆ ಮಾರುವಂತಿಲ್ಲ. ಕೆಲವು ಮಾರಾಟಗಾರರಿಗೆ ಮಾತ್ರ ವಿಶೇಷ ಆದ್ಯತೆ ಕೊಡುತ್ತಾರೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಈ ಎರಡೂ ಕಂಪನಿಗಳ ವಿರುದ್ಧ ತನಿಖೆಗೆ ಆದೇಶಿಸಿತ್ತು. ಹಾಗಾಗಿ ಮೊದಲು ಕಾಣಿಸಿದ್ದೇ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಕೆಳಗೆ ‘ಇತರ ಮಾರಾಟಗಾರರು’ ಅನ್ನುವ ಪಟ್ಟಿ ಇರುತ್ತದೆ, ಅದನ್ನೂ ತೆರೆಯಿರಿ. ಮಾರಾಟಗಾರರ ಹೆಸರು, ವಿಳಾಸ, ಗಿರಾಕಿಗಳು ಸಂಪರ್ಕಿಸಬೇಕಾದ ಫೋನ್ ನಂಬರ್, ತಯಾರಾದ ದೇಶ ಇವುಗಳನ್ನು ತೋರಿಸಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ವಿಳಾಸವೇ ಇಲ್ಲದವರ ಹತ್ತಿರ ಕೊಳ್ಳಬೇಡಿ.

ಕುಕ್ಕರ್ ಉದಾಹರಣೆ ನೋಡಿ. 2021ರ ಫೆಬ್ರವರಿಯಿಂದ ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ. ಆಮೇಲೂ ಗುರುತಿಲ್ಲದ 2,265 ಕುಕ್ಕರ್‌ಗಳು ಅಮೆಜಾನ್ ಮೂಲಕ ಮಾರಾಟವಾಗಿದ್ದವು. ಅದರ ಮೇಲೆ ಕಂಪನಿಗೆ ಬಂದ ಶುಲ್ಕವೇ 6 ಲಕ್ಷ ರೂಪಾಯಿಗಿಂತ ಜಾಸ್ತಿ. 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕಂಪನಿಗೆ 1 ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆಲ್ಲ ತಿಳಿಸಿ ದುಡ್ಡು ವಾಪಸ್ ಕೊಡಿ ಎಂದು ಆದೇಶಿಸಿತು. ಅದೇ ತಿಂಗಳು ಫ್ಲಿಪ್‌ಕಾರ್ಟ್‌ಗೂ 598 ಕುಕ್ಕರ್‌ಗಳ ವಿಷಯದಲ್ಲಿ ಅಷ್ಟೇ ದಂಡ ಬಿತ್ತು. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಯಾರೋ ಪರೀಕ್ಷೆ ಮಾಡಿ ಇಟ್ಟಿದ್ದಾರೆ ಅಂತ ನಂಬುವ ಹಾಗಿಲ್ಲ, ಅಲ್ವಾ? ಕುಕ್ಕರ್, ಹೆಲ್ಮೆಟ್, ಆಟಿಕೆ ತರಿಸಿದರೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ನಂಬರನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ನಂಬರ್ ಯಾವ ಕಂಪನಿಯದ್ದು ಎಂದು ಅಲ್ಲೇ ಗೊತ್ತಾಗುತ್ತದೆ.

ರಿವ್ಯೂ ಓದುವಾಗ ಒಂದು, ಎರಡು ಸ್ಟಾರ್‌ನವನ್ನು ಮೊದಲು ಓದಿ. ಒಂದೇ ವಾರದಲ್ಲಿ ಒಂದೇ ರೀತಿಯ ಹೊಗಳಿಕೆ ರಾಶಿ ಬಿದ್ದಿದ್ದರೆ ಅನುಮಾನಪಡಿ. ‘ಐದು ಸ್ಟಾರ್ ಕೊಟ್ಟರೆ ನೂರು ರೂಪಾಯಿ ವಾಪಸ್’ ಎಂಬ ಚೀಟಿ ಪಾರ್ಸೆಲ್ ಒಳಗೆ ಸಿಕ್ಕರೆ ಆ ನೂರು ತೆಗೆದುಕೊಳ್ಳಬೇಡಿ. ನಮ್ಮ ಸುಳ್ಳನ್ನು ನಂಬಿ ಕೊಳ್ಳುವವರು ಇನ್ಯಾವುದೋ ಊರಿನ ನಮ್ಮಂಥವರೇ. ಒಳ್ಳೆಯ ಸಣ್ಣ ಮಾರಾಟಗಾರ ಸಿಕ್ಕಿದರೆ ಮಾತ್ರ ಎರಡು ಸಾಲು ಪ್ರಾಮಾಣಿಕವಾಗಿ ಬರೆಯಿರಿ. ಅದು ಅವರಿಗೆ ದೊಡ್ಡ ಸಹಾಯ.

‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ’ ಎಂದು ಸುಳ್ಳೇ ಅವಸರ ಮಾಡಿಸುವುದು, ನಾವು ಹಾಕದ ವಿಮೆಯನ್ನೋ ದೇಣಿಗೆಯನ್ನೋ ಬುಟ್ಟಿಗೆ ಸೇರಿಸುವುದು, ಸದಸ್ಯತ್ವ ರದ್ದು ಮಾಡುವ ಬಟನ್ ಅಡಗಿಸಿಡುವುದು, ಕೊನೆಯ ಪರದೆಯಲ್ಲಿ ಹೊಸ ಶುಲ್ಕ ತೋರಿಸುವುದು ಇವೆಲ್ಲ ಈಗ ಕಾನೂನಿನ ಪ್ರಕಾರ ತಪ್ಪು. 2023ರ ನವೆಂಬರ್ 30ರಂದು ಹೊರಬಂದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ದುಡ್ಡು ಕೊಡುವ ಮೊದಲು ಕೊನೆಯ ಬಿಲ್ಲಿನ ಒಂದೊಂದು ಸಾಲನ್ನೂ ಓದಿ. ಗುರುತು ಹಾಕಿಟ್ಟ ಚೌಕಗಳಿದ್ದರೆ ತೆಗೆದುಹಾಕಿ.

ನಾಲ್ಕನೆಯದು: ಪಾರ್ಸೆಲ್ ತರುವವರ ಲೆಕ್ಕ

2024ರಲ್ಲಿ ಹರಿಯಾಣದ ಮಾನೇಸರದಲ್ಲಿರುವ ಅಮೆಜಾನ್ ಗೋದಾಮಿನ ಸುದ್ದಿ ಬಂದಿತ್ತು. ಗುರಿ ಮುಗಿಯುವ ತನಕ ನೀರು ಕುಡಿಯಲು, ಶೌಚಕ್ಕೆ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರತಿಜ್ಞೆ ಮಾಡಿಸಿದರು ಅನ್ನುವ ವರದಿ ಅದು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ವಿಷಯ ಕೈಗೆತ್ತಿಕೊಂಡು ಕೇಂದ್ರ ಕಾರ್ಮಿಕ ಇಲಾಖೆಗೆ ನೋಟಿಸ್ ಕೊಟ್ಟಿತು. ‘ನಾಳೆಯೇ ಬೇಕು’ ಅನ್ನುವ ನಮ್ಮ ಅವಸರ ಕೊನೆಗೆ ಬಂದು ಬೀಳುವುದು ಇಂಥ ಕಡೆ. ಎರಡು ದಿನ ತಡವಾದರೆ ನಷ್ಟ ಇಲ್ಲದ ಸಾಮಾನಿಗೆ ನಿಧಾನದ ಡೆಲಿವರಿ ಆರಿಸಿ. ಒಂದೊಂದೇ ಆರ್ಡರ್ ಮಾಡುವ ಬದಲು ತಿಂಗಳಿಗೊಂದು ಸಲ ಒಟ್ಟಿಗೆ ಮಾಡಿ.

ಇನ್ನು ನಮ್ಮ ಊರಿನ ದಾರಿ. ಆಟಿ ತಿಂಗಳ ಮಳೆಯಲ್ಲಿ ಮುಖ್ಯ ರಸ್ತೆಯಿಂದ ಒಳಗೆ ತಿರುಗಿದರೆ ಕಾಂಕ್ರೀಟ್ ರಸ್ತೆ ಅರ್ಧದಲ್ಲೇ ಮುಗಿಯುತ್ತದೆ. ಆಮೇಲೆ ಪಾಚಿ ಹಿಡಿದ ಮುರಕಲ್ಲಿನ ಏರು, ಕೆಳಗೆ ತೋಡು, ಆಚೆ ತೋಟ, ಅದರ ನಡುವೆ ಮನೆ. ಹುಡುಗನ ಬೆನ್ನಿಗೆ ಅವನಷ್ಟೇ ಅಗಲದ ಚೀಲ, ಬೈಕಿನ ಮುಂದೆ ಇನ್ನೊಂದು ಗೋಣಿ. ವಿಳಾಸದಲ್ಲಿ ಮನೆ ಹೆಸರು ಮತ್ತು ಪೋಸ್ಟ್ ಮಾತ್ರ. ಅದೇ ಹೆಸರಿನ ಮನೆ ಆ ಬೈಲಿನಲ್ಲಿ ನಾಲ್ಕಿರುತ್ತದೆ. ರೇಂಜ್ ಇಲ್ಲದೆ ಫೋನೂ ಹೋಗುವುದಿಲ್ಲ. ಎಷ್ಟೋ ಕಡೆ ಇವರಿಗೆ ಸಂಬಳ ಇಲ್ಲ, ಪಾರ್ಸೆಲ್‌ಗೆ ಇಷ್ಟು ಎಂಬ ಲೆಕ್ಕ. ನಮ್ಮ ಮನೆ ಹುಡುಕಲು ಹೋದ ಅರ್ಧ ಗಂಟೆಯ ಪೆಟ್ರೋಲು, ಸಮಯ ಎರಡೂ ಅವರದ್ದೇ.

ಹಾಗಾಗಿ ವಿಳಾಸವನ್ನು ಸರಿಯಾಗಿ ಬರೆಯಿರಿ. ಯಾವ ಬಸ್ ಸ್ಟಾಪ್, ಯಾವ ಭಜನಾ ಮಂದಿರ ಅಥವಾ ಮಸೀದಿಯ ಪಕ್ಕದ ರಸ್ತೆ, ಎಷ್ಟನೇ ತಿರುವು ಎಲ್ಲ ಸೇರಿಸಿ. ಮ್ಯಾಪ್‌ನಲ್ಲಿ ಮನೆಯ ಜಾಗ ಗುರುತಿಸಿ. ಮನೆಯಲ್ಲಿ ರೇಂಜ್ ಇಲ್ಲದಿದ್ದರೆ ರೇಂಜ್ ಇರುವ ನೆರೆಮನೆಯವರ ನಂಬರನ್ನು ಅವರನ್ನು ಕೇಳಿ ಸೇರಿಸಿ. ಜೋರು ಮಳೆಯಾದರೆ ಮೇಲೆ ಬರಬೇಡಿ, ರಸ್ತೆಗೆ ನಾವೇ ಬರುತ್ತೇವೆ ಎಂದು ಹೇಳಿ. ಇಲ್ಲವೇ ರಸ್ತೆ ಬದಿಯ ಅಂಗಡಿಯಲ್ಲಿ ಇಟ್ಟು ಹೋಗಲು ಒಪ್ಪಿಸಿ, ಅಂಗಡಿಯವರ ಒಪ್ಪಿಗೆ ಮೊದಲೇ ಪಡೆದಿರಿ. ಇಪ್ಪತ್ತೈದು ಕಿಲೋದ ಮೂಟೆ ಆನ್‌ಲೈನ್‌ನಲ್ಲಿ ಬೇಡವೇ ಬೇಡ, ಅದನ್ನು ಪೇಟೆಯಿಂದ ಜೀಪಿನಲ್ಲಿ ತನ್ನಿ. ಕ್ಯಾಶ್ ಆನ್ ಡೆಲಿವರಿ ಹಾಕಿದ್ದರೆ ಚಿಲ್ಲರೆ ತೆಗೆದಿಡಿ, ಆ ದಿನ ಮನೆಯಲ್ಲಿರಿ. ಒಂದು ಲೋಟ ನೀರು, ಮಜ್ಜಿಗೆ ಕೊಡುವ ರೂಢಿ ನಮ್ಮಲ್ಲಿ ಹೇಗೂ ಇದೆ.

ಸಾಮಾನು ಕೆಟ್ಟದ್ದು ಬಂದರೆ ಅದು ತಂದವರ ತಪ್ಪಲ್ಲ. ಆ ಸಿಟ್ಟಿನಲ್ಲಿ ಡೆಲಿವರಿಗೆ ಒಂದು ಸ್ಟಾರ್ ಕೊಟ್ಟರೆ ಪೆಟ್ಟು ಬೀಳುವುದು ಅವರ ದುಡಿಮೆಗೆ. ಇಂಥ ಕೆಲಸಗಾರರನ್ನು ಗುರುತಿಸುವ ಸಾಮಾಜಿಕ ಭದ್ರತಾ ಸಂಹಿತೆ 2020ರಲ್ಲೇ ಪಾಸಾದರೂ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಕಂಪನಿಗಳು ವಾರ್ಷಿಕ ವಹಿವಾಟಿನ ನೂರಕ್ಕೆ 1ರಿಂದ 2 ಪಾಲನ್ನು ಇವರ ಕ್ಷೇಮನಿಧಿಗೆ ಕೊಡಬೇಕು ಎಂದು ಅದರಲ್ಲಿದೆ. ನಿಮ್ಮ ಮನೆಗೆ ಬರುವ ಹುಡುಗನ ಹತ್ತಿರ ಅಸಂಘಟಿತ ಕೆಲಸಗಾರರ ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ಎಂದು ಕೇಳಿ. ಗೊತ್ತಿಲ್ಲದಿದ್ದರೆ ಸರಕಾರಿ ಆನ್‌ಲೈನ್ ಸೇವೆ ಕೊಡುವ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಲು ಹೇಳಿ.

ಐದನೆಯದು: ವಾಪಸ್ ಕಳಿಸುವಾಗ

ಮದುವೆಗೆ ಉಟ್ಟು, ಟ್ಯಾಗ್ ಕೀಳದೆ ಮಡಚಿ ವಾಪಸ್ ಕಳಿಸುವವರಿದ್ದಾರೆ. ಮೂರು ಅಳತೆಯ ಅಂಗಿ ತರಿಸಿ ಎರಡನ್ನು ಮರಳಿಸುವುದೂ ಈಗ ಮಾಮೂಲಾಗಿದೆ. ‘ಕಂಪನಿಗೆ ಏನು ನಷ್ಟ’ ಅನ್ನುತ್ತಾರೆ. ಅನೇಕ ಸಲ ನಷ್ಟ ಆಗುವುದು ಮಾರಿದ ಸಣ್ಣ ವ್ಯಾಪಾರಿಗೆ. ಎರಡೂ ಕಡೆಯ ಸಾಗಾಟ, ಮತ್ತೆ ಹೊಸದೆಂದು ಮಾರಲಾಗದ ಬಟ್ಟೆ. ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿ ಬಾಗಿಲಲ್ಲೇ ‘ಬೇಡ’ ಅಂದರೂ ಹಾಗೆಯೇ. ಅಳತೆ ಟೇಪು ಹಿಡಿದು ಮನೆಯಲ್ಲಿರುವ ಸರಿಯಾದ ಅಂಗಿಯ ಅಳತೆ ತೆಗೆದು ಪುಟದ ಪಟ್ಟಿಗೆ ಹೋಲಿಸಿ.

ಕೆಟ್ಟದ್ದು, ನಕಲಿ, ಹೇಳಿದ್ದಕ್ಕಿಂತ ಬೇರೆಯದು ಬಂದರೆ ಮಾತ್ರ ಸಂಕೋಚ ಬೇಡ. ಅಂಥದ್ದನ್ನು ಮಾರಾಟಗಾರರು ವಾಪಸ್ ತೆಗೆದುಕೊಳ್ಳಲೇಬೇಕು ಎಂದು ನಿಯಮವೇ ಇದೆ. ಬೆಲೆಬಾಳುವ ಸಾಮಾನಿನ ಪೆಟ್ಟಿಗೆ ಬಿಚ್ಚುವಾಗ ವಿಳಾಸದ ಚೀಟಿ ಕಾಣುವ ಹಾಗೆ ವೀಡಿಯೊ ಮಾಡಿಡಿ.

ಪೆಟ್ಟಿಗೆ, ಪ್ಲಾಸ್ಟಿಕ್‌ನ ವಿಷಯ ಸಣ್ಣದು, ಆದರೆ ನಮ್ಮ ಅಂಗಳದ್ದೇ. ಬಚ್ಚಲೊಲೆಗೆ ಹಾಕಬೇಡಿ, ಆ ಹೊಗೆ ವಿಷ. ಬಬಲ್ ಕವರ್, ಟೇಪ್ ಬಿಡಿಸಿ ಒಣಗಿಸಿ ಮನೆ ಮನೆಯ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಿ. ತಿಂಗಳಿಗೆ 50 ರೂಪಾಯಿ ಕೊಡಲು ಗೊಣಗುವವರು ತಾವು ತರಿಸಿದ ಪಾರ್ಸೆಲ್‌ಗಳನ್ನು ಲೆಕ್ಕ ಹಾಕಲಿ. ಆ ಹೆಂಗಸರು ಬಿಸಿಲಲ್ಲಿ ಗೋಣಿ ಹೊತ್ತು ಮನೆ ಮನೆ ಸುತ್ತುತ್ತಾರೆ. ಪೆಟ್ಟಿಗೆಯ ಮೇಲಿನ ಹೆಸರು, ಫೋನ್ ನಂಬರಿನ ಚೀಟಿಯನ್ನು ಹರಿದು ತೆಗೆದೇ ಕೊಡಿ.

ಕೊನೆಯದು: ಮೋಸವಾದರೆ ಸುಮ್ಮನಿರಬೇಡಿ

‘ಮುನ್ನೂರು ರೂಪಾಯಿ ತಾನೇ, ಹೋಗಲಿ’ ಎಂದು ಬಿಟ್ಟುಬಿಡುವವರೇ ಜಾಸ್ತಿ. ಆ ಮುನ್ನೂರು ನಮಗೆ ಸಣ್ಣದು. ಅದೇ ಮಾರಾಟಗಾರ ಅದೇ ನಕಲಿಯನ್ನು ಮುಂದಿನ ಮನೆಗೆ ಕಳಿಸುತ್ತಾನಲ್ಲ, ಅಲ್ಲಿ ಅದು ದೊಡ್ಡದಿರಬಹುದು. ದೂರು ಕೊಡುವುದನ್ನೂ ಖರೀದಿಯ ಒಂದು ಭಾಗ ಎಂದೇ ತಿಳಿಯಬೇಕು.

ಮೊದಲು ಆ್ಯಪ್‌ನಲ್ಲೇ ದೂರು ಹಾಕಿ. ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು, ಅದನ್ನು ಬರೆದಿಡಿ. ಪರಿಹಾರ ಸಿಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಹೆಸರು, ವಿವರ ವೆಬ್‌ಸೈಟ್‌ನಲ್ಲಿ ಇರಲೇಬೇಕು. ದೂರು ಬಂದಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಿಂದಿ, ಇಂಗ್ಲಿಷ್ ಬಾರದ ಹಿರಿಯರು ಹಿಂಜರಿಯಬೇಕಾಗಿಲ್ಲ. ಸುಳ್ಳು ಅವಸರ, ಬುಟ್ಟಿಗೆ ತಾನಾಗಿ ಸೇರಿದ ಸಾಮಾನಿನಂಥ ತಂತ್ರಗಳ ಬಗ್ಗೆಯೂ ಇಲ್ಲೇ ಹೇಳಬಹುದು, ಪರದೆಯ ಚಿತ್ರ ಮೊದಲೇ ತೆಗೆದಿಟ್ಟುಕೊಳ್ಳಿ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾನೂನಿನಲ್ಲಿ ನಮಗೆ ತುಂಬ ಅನುಕೂಲವಾದ ಒಂದು ವಿಷಯ ಇದೆ. ಕಂಪನಿ ಬೆಂಗಳೂರಿನಲ್ಲಿರಲಿ, ಮಾರಿದವರು ಸೂರತ್‌ನಲ್ಲಿರಲಿ, ನಾವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ದೂರು ಕೊಡಬಹುದು. ಮಂಗಳೂರಿನ ಅಂಗಡಿಯಲ್ಲಿ ಕೊಂಡದ್ದಕ್ಕೂ ಇದೇ ಅನ್ವಯ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ತನಕ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಎಂದೂ ಇಲ್ಲ. ಘಟನೆ ನಡೆದ 2 ವರ್ಷದೊಳಗೆ ದೂರು ಕೊಡಬೇಕು. ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಬಿಲ್ಲು, ಸಾಮಾನಿನ ಪುಟದ ಚಿತ್ರ, ಪೆಟ್ಟಿಗೆ ಬಿಚ್ಚಿದ ವೀಡಿಯೊ, ದುಡ್ಡು ಕೊಟ್ಟ ದಾಖಲೆ, ಕಂಪನಿಯ ಜೊತೆ ನಡೆದ ಮಾತುಕತೆ ಎಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿಡಿ. ಸಾಮಾನು ಹಾಳಾಗಿದ್ದರೂ ಪ್ರಕರಣ ಮುಗಿಯುವ ತನಕ ಎಸೆಯಬೇಡಿ. ದೂರಿನಲ್ಲಿ ಮಾರಾಟಗಾರರ ಹೆಸರನ್ನೂ ಆ್ಯಪ್ ನಡೆಸುವ ಕಂಪನಿಯ ಹೆಸರನ್ನೂ ಎರಡನ್ನೂ ಸೇರಿಸಿ, ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳಲು ಆಗ ಕಷ್ಟವಾಗುತ್ತದೆ.